ಹಳೇ ರಾಜದೂತ್ 350 ತಗೊಂಡ ಕಥಿ: ಎಚ್‌ಟಿ ಎಂಜಿನ್ನೋ ಎಲ್‌ಟಿ ಎಂಜಿನ್ನೋ

ಮೊನ್ನೆ ಶುಕ್ರವಾರ ಪೋಸ್ಟ್‌ಮನ್ ಬಂದು ಆರ್‌ಸಿ ಕಾರ್ಡಿನ ಲಕೋಟೆ ಕೊಟ್ಟು ಹೋದ. ಮಾರ್ಚ್ ತಿಂಗಳದಾಗ ಶುರು ಮಾಡಿದ್ದು, ಮುಗಿಯೋದ್ರಾಗ ದೀಪಾವಳಿ ದಾಟ್ತು. ಎಂಟು ತಿಂಗಳು. ನಡುವ ಎರಡು ಸಲ ಸಾಕಪ್ಪಾ ಸಾಕು, ಬಿಟ್ಟೇ ಬಿಡೋಣ ಅನಿಸಿತ್ತು. ಈಗ ಧಾರವಾಡ ಹುಬ್ಬಳ್ಳಿ ಕಡೆ ಯಾರರೆ ಹಳೇ ಆರ್‌ಡಿ (ರಾಜದೂತ್ 350ಕ್ಕ ಮಂದಿ ಹಂಗ ಅಂತಾರ) ತಗೋಬೇಕಂತ ಓಡಾಡಾಕತ್ತಿದ್ರ ನಂಗಾದಷ್ಟು ತ್ರಾಸು ಅವರಿಗೆ ಆಗಬಾರದು ಅಂತ ಎಲ್ಲಾ ಬರದು ಇಡಾಕತ್ತೀನಿ, ಸ್ವಲ್ಪ ಉದ್ದ ಆಗತೈತಿ, ಸಹಿಸ್ಕೊಳ್ರಿ.

ನಮ್ಮ ಕಾಕಾ ಹತ್ರ 1984ರ ಗಾಡಿ ಇತ್ತು. ನಾನು ಸಣ್ಣಾವ ಇದ್ದಾಗ ಟ್ಯಾಂಕಿನ ಮ್ಯಾಲೆ ಕುಂದ್ರಿಸ್ಕೊಂಡು ಸಪ್ತಾಪುರದಿಂದ ಉಣಕಲ್ ಕೆರಿ ತನಕ ಒಯ್ತಿದ್ರು. ಪೆಟ್ರೋಲ್ ಖರ್ಚು ತಡೀಲಾರದ 1992ರಾಗ ಮಾರಿಬಿಟ್ರು. ಆ ಎರಡು ಸೈಲೆನ್ಸರಿನ ಸಪ್ಪಳ ಇಷ್ಟು ವರ್ಷ ಆದ್ರೂ ನನ್ನ ಕಿವಿಯಾಗ ಹಂಗ ಉಳದೈತಿ. ತಗೊಂಡ್ರ ಅದರಂಗ ಜಾಸ್ತಿ ಪವರಿನ ಎಚ್‌ಟಿನೇ ತಗೋಬೇಕು ಅನ್ನೋದು ನನ್ನ ತಲಿಯಾಗ ಕುಂತಿದ್ದು ಅದರಿಂದನ.

ಗೊತ್ತಿಲ್ಲದವರಿಗೆ ಹೇಳತೀನಿ. ಯಮಹಾದವರು ಜಪಾನಿನ್ಯಾಗ 1973ರಾಗ ಆರ್‌ಡಿ 350 ತಂದ್ರು, ಅದು 39 ಬಿಎಚ್‌ಪಿ. ನಮ್ಮ ದೇಶದಾಗ ಎಸ್ಕಾರ್ಟ್ಸ್ ಕಂಪನಿ ಅದನ್ನ ಯಮಹಾ ಲೈಸೆನ್ಸಿನ ಮ್ಯಾಲೆ 1983ರಿಂದ ರಾಜದೂತ್ 350 ಅಂತ ಮಾಡ್ತು. 347 ಸಿಸಿ, ಎರಡು ಸಿಲಿಂಡರ್, ಟೂ ಸ್ಟ್ರೋಕ್, ಆರು ಗೇರ್. ಜಪಾನಿನ ಗಾಡಿಗೆ ಮುಂದ ಡಿಸ್ಕ್ ಬ್ರೇಕ್ ಇತ್ತು, ನಮ್ಮದಕ್ಕ ಡ್ರಮ್ ಕೊಟ್ರು. ಮೈಲೇಜ್ ಸಲುವಾಗಿ ಪವರ್ ಕಡಿಮಿ ಮಾಡಿದ್ರು. ಮದ್ಲ ಬಂದದ್ದು 30.5 ಬಿಎಚ್‌ಪಿದು, ಅದನ್ನ ಹೈ ಟಾರ್ಕ್ ಅಂದ್ರ ಎಚ್‌ಟಿ ಅಂತಾರ. 1985ರ ಹೊತ್ತಿಗೆ ಇನ್ನೂ ಇಳಿಸಿ 27 ಬಿಎಚ್‌ಪಿ ಮಾಡಿದ್ರು, ಅದು ಲೋ ಟಾರ್ಕ್, ಎಲ್‌ಟಿ. ಬ್ಲಾಕಿನ (ಸಿಲಿಂಡರಿನ) ಪೋರ್ಟು, ಅಂದ್ರ ಗ್ಯಾಸ್ ಬಂದು ಹೋಗೋ ತೂತು ಬ್ಯಾರೆ, ಸೈಲೆನ್ಸರ್ ಬ್ಯಾರೆ. ಇಷ್ಟು ಫರಕಿಗೆ ಈಗಿನ ಮಾರ್ಕೆಟ್ಟಿನ್ಯಾಗ ಒಂದು ಒಂದೂವರಿ ಲಕ್ಷ ಫರಕ್ ಹೇಳ್ತಾರ.

ಮದ್ಲ ನೋಡಿದ್ದು ಗದಗಿನ್ಯಾಗ. ಎಚ್‌ಟಿ, 1984, ಕೆಂಪು ಬಣ್ಣ, ಹೊಸಾ ಕ್ರೋಮ್, 3,20,000 ಹೇಳಿದ್ರು. ಅಣ್ಣಿಗೇರಿ ದಾಟೋ ತನಕ ನಂಗ ಕೈಯಾಗ ಬೆವರು. ಹೋಗಿ ನಿಂತ ಕೂಡ್ಲೇ ಆ ಮನಿಶ್ಯಾ ಒಂದ ಕಿಕ್ಕಿಗೆ ಚಾಲೂ ಮಾಡಿದ, ಆ ಹೊಗಿ ವಾಸನಿ, ಆ ಸಪ್ಪಳ, ನಾನು ಅಲ್ಲೇ ಸೋತುಬಿಟ್ಟೆ. ಎಂಜಿನ್ ಬಿಸಿ ಇತ್ತು ಅನ್ನೋದು ಆಮ್ಯಾಲೆ ಲಕ್ಷಕ್ಕ ಬಂತು, ಅಂದ್ರ ನಾವು ಬರೋದ್ರಾಗ ಕಾಯಿಸಿ ಇಟ್ಟಿದ್ರು. ನೀವು ಹೋಗೋ ಮದ್ಲ ಫೋನ್ ಮಾಡಿ ಗಾಡಿ ಚಾಲೂ ಮಾಡಬ್ಯಾಡ್ರಿ ಅಂತ ಹೇಳಿ ಹೋಗ್ರಿ, ಹೋಗಿ ಮದ್ಲ ಬ್ಲಾಕ್ ಮುಟ್ಟಿ ನೋಡ್ರಿ.

ನನ್ನ ಜೋಡಿ ಹುಬ್ಬಳ್ಳಿಯ ಮೆಕ್ಯಾನಿಕ್ ಚಾಚಾ ಬಂದಿದ್ರು. ನಲವತ್ತು ವರ್ಷದಿಂದ ಟೂ ಸ್ಟ್ರೋಕಿನ ಮ್ಯಾಲೇ ಕೈ ಆಡಿಸಿದವರು. ಅವರು ಸಪ್ಪಳ ಕೇಳಲೇ ಇಲ್ಲ. ಕಿಸೇದಾಗಿಂದ ಒಂದು ಬಿಳಿ ಹಾಳಿ ತಗದ್ರು, ಒಂದು ಪೆನ್ಸಿಲ್ ತಗದ್ರು. ಆರ್‌ಟಿಓದಾಗ ಚಾಸಿ ನಂಬರಿನ ಛಾಪು ತಗೀತಾರಲ್ಲಾ, ಹಂಗ ಮದ್ಲ ಹ್ಯಾಂಡಲ್ ಕೆಳಗಿನ ಚಾಸಿ ನಂಬರಿನ ಮ್ಯಾಲೆ ಹಾಳಿ ಇಟ್ಟು ಪೆನ್ಸಿಲ್ ಅಡ್ಡ ಹಿಡದು ತಿಕ್ಕಿದ್ರು, ಅಂಕಿ ಸಾಪ್ ಮೂಡಿದ್ವು. ಆಮ್ಯಾಲೆ ಕ್ರ್ಯಾಂಕ್‌ಕೇಸಿನ (ಬ್ಲಾಕಿನ ಕೆಳಗಿರೋ ಎಂಜಿನ್ನಿನ ಡಬ್ಬಿ) ಮ್ಯಾಲಿನ ಎಂಜಿನ್ ನಂಬರಿಗೆ ಹಂಗ ಮಾಡಿದ್ರು. ಅಂಕಿ ಜೋಡಿ ಓರಿಯಾಗಿ ಸಣ್ಣ ಸಣ್ಣ ಗೀರು ಮೂಡಿದ್ವು, ಬಾಚಣಿಕಿ ಎಳದಂಗ. ನಡುವಿನ ಎರಡು ಅಂಕಿ ಬಾಕಿದಕ್ಕಿಂತ ದಪ್ಪ, ಒಂದು ಸ್ವಲ್ಪ ಮ್ಯಾಲೆ ಕುಂತಿತ್ತು. ಕಣ್ಣಿಗೆ ಕಂಡಿದ್ದಿಲ್ಲ ಅದು, ಬಣ್ಣ ಹೊಡದು ಮುಚ್ಚಿದ್ರು, ಪೆನ್ಸಿಲ್ ತೋರಿಸ್ತು. ಚಾಚಾ ಹಾಳಿ ಮಡಚಿ ನನ್ನ ಕೈಗೆ ಕೊಟ್ಟು, "ಬೇಟಾ, ಗ್ರೈಂಡರ್ ಆಡಿಸಿ ಹೊಸಾ ನಂಬರ್ ಬಡದಾರ. ಎಂಜಿನ್ ಎಲ್ಲಿಂದು ಅಂತ ಆ ಭಗವಂತಗ ಗೊತ್ತು. ನಡಿ" ಅಂದ್ರು.

ಮಾರೋರಿಗೆ ಕೇಳಿದ್ರ "ನಾವು ತಗೊಂಡಾಗಲೇ ಹಂಗ ಇತ್ರಿ ಸರ" ಅಂದ್ರು. ಖರೇನೂ ಇರಬಹುದು. ಆದ್ರ ಅದನ್ನ ತಗೊಂಡು ನಾಳೆ ಇನ್ಸ್‌ಪೆಕ್ಟರ್ ಮುಂದ ನಿಂದ್ರೋದು ನಾನು. ಕಳುವಿನ ಎಂಜಿನ್ ಆಗಿದ್ರ ಗಾಡಿ ಪೊಲೀಸ್ ಸ್ಟೇಶನ್ನಿಗೆ ಹೋಗತೈತಿ, ರೊಕ್ಕಾನೂ ಹೋಗತೈತಿ. ವಾಪಸ್ ಬರೋವಾಗ ದಾರಿ ತುಂಬ ನಾ ಮಾತಾಡ್ಲಿಲ್ಲ. ಮನಸ್ಸು ಆ ಸಪ್ಪಳದಾಗ ಸಿಕ್ಕೊಂಡಿತ್ತು, ಕೈಯಾಗ ಆ ಹಾಳಿ ಇತ್ತು. ಈಗೂ ಇಟ್ಟೀನಿ ಅದನ್ನ.

ಎರಡನೇದು ಒಂದೂವರಿ ತಿಂಗಳ ಮ್ಯಾಲೆ ಸಿಕ್ಕಿತು, ರಾಣೇಬೆನ್ನೂರ ಹತ್ರದ ಒಂದು ಹಳ್ಳ್ಯಾಗ. 1987ರ ಎಲ್‌ಟಿ. ಒಬ್ಬರೇ ಮಾಲಕ್ರು, ಅವರು ತೀರಿಹೋಗಿ ಆರು ವರ್ಷ, ಮಗಾ ಮಾರಾಕತ್ತಿದ್ರು. ಗ್ವಾದ್ಲಿ ಬಾಜೂಕ ಶೆಡ್ಡಿನ್ಯಾಗ ಗೋವಿನಜೋಳದ ಚೀಲದ ಹಿಂದ ನಿಂತಿತ್ತು. ಹೊರಗ ತಗಿಯೋಕ ನಾಕ ಮಂದಿ ಬೇಕಾತು, ಎರಡೂ ಗಾಲಿ ಜಾಮ್, ಕಿಕ್ ಅಂತೂ ಕಲ್ಲಿನಂಗ, ಅಲ್ಲಾಡಲೇ ಇಲ್ಲ. ಚಾಚಾ ಮತ್ತ ಪೆನ್ಸಿಲ್ ತಗದ್ರು. ಈ ಸಲ ಎರಡೂ ನಂಬರ್ ಸಾಪ್, ಹಳೇ ಪುಸ್ತಕದ ಆರ್‌ಸಿ ತಂದು ಒಂದೊಂದ ಅಂಕಿ ಓದಿದ್ವಿ, ಕೂಡಿದ್ವು. ಆ ಮಗಾ, "ಅಪ್ಪಾರು ಪಂಚಮಿಗೊಮ್ಮೆ ತೊಳದು ಇಡ್ತಿದ್ರಿ ಅಣ್ಣಾರ, ಹೊಡೀತಿದ್ದಿಲ್ಲ, ಬರೇ ತೊಳೀತಿದ್ರು" ಅಂದು ಸೀಟಿನ ಮ್ಯಾಲಿನ ಧೂಳು ಕೈಲೆ ಒರಿಸಿದ್ರು. 2,10,000 ಹೇಳಿದ್ದು 1,85,000ಕ್ಕ ಬಂತು. ಎಂಜಿನ್ ಜಾಮ್ ಆದ ಎಲ್‌ಟಿಗೆ ಇದು ಜಾಸ್ತಿ ಅಂತ ಭಾಳ ಮಂದಿ ಅಂದ್ರು. ಸಾಪ್ ಕಾಗದಕ್ಕ ರೊಕ್ಕ ಕೊಡಾಕತ್ತೀನಿ ಅಂತ ನಾ ಕೊಟ್ಟೆ.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಎಚ್‌ಟಿ ಆಸೆ ಇನ್ನೂ ಹೋಗಿದ್ದಿಲ್ಲಲ್ಲಾ, ಹುಬ್ಬಳ್ಳಿ ಗುಜರಿಯಾಗ ಒಬ್ಬರ ಹತ್ರ ಬರೇ ಎಚ್‌ಟಿ ಎಂಜಿನ್ ಐತಿ, ಪೂರಾ, ಕಾರ್ಬರೇಟರ್ ಸೈಲೆನ್ಸರ್ ಸಮೇತ, 70,000 ಅಂತ ಕೇಳಿದ್ದೇ ತಡ 15,000 ಮುಂಗಡ ಕೊಟ್ಟು ಬಂದೆ, ಚಾಚಾಗ ಕೇಳಲೇ ಇಲ್ಲ. ನನ್ನ ವಿಚಾರ ಹಿಂಗಿತ್ತು, ರಾಣೇಬೆನ್ನೂರಿನ ಚಾಸಿಗೆ ಈ ಎಂಜಿನ್ ಕುಂದ್ರಿಸಿಬಿಡೋಣ, ಗಾಡಿ ಎಚ್‌ಟಿ ಆಗತೈತಿ. ಚಾಚಾಗ ಹೇಳಿದಾಗ ಅವರು ಎರಡೇ ಪ್ರಶ್ನೆ ಕೇಳಿದ್ರು. ಆ ಎಂಜಿನ್ನಿಗೆ ಬಿಲ್ ಐತೇನು? ಅದರ ಹಳೇ ಗಾಡಿಯ ಆರ್‌ಸಿ ಐತೇನು? ಎರಡೂ ಇದ್ದಿಲ್ಲ. ಎಂಜಿನ್ ಬದಲಿ ಮಾಡಿದ್ರ ಆರ್‌ಟಿಓಗೆ ತಿಳಿಸಿ ಆರ್‌ಸಿಯಾಗ ಹೊಸಾ ನಂಬರ್ ಏರಿಸ್ಕೋಬೇಕು, ಏರಿಸಬೇಕಂದ್ರ ಅದು ಎಲ್ಲಿಂದ ಬಂತು ಅನ್ನೋದಕ್ಕ ಕಾಗದ ತೋರಿಸಬೇಕು. ಗದಗಿನ ಗಾಡಿ ಬ್ಯಾಡ ಅಂತ ಬಿಟ್ಟು ಬಂದು ಅದೇ ತಗ್ಗಿನ್ಯಾಗ ನಾನೇ ಬೀಳಾಕತ್ತಿದ್ದೆ.

ಆದ್ರ ಚಾಚಾ ಒಂದು ದಾರಿ ಹೇಳಿದ್ರು, ಇದು ತಿಳ್ಕೊಳ್ಳೋವಂಥಾದ್ದು. ನಂಬರ್ ಇರೋದು ಕ್ರ್ಯಾಂಕ್‌ಕೇಸಿನ ಮ್ಯಾಲೆ, ಬ್ಲಾಕಿನ ಮ್ಯಾಲಲ್ಲ. ಎಲ್‌ಟಿ ಕ್ರ್ಯಾಂಕ್‌ಕೇಸ್ ಹಂಗ ಇಟ್ಟು ಎಚ್‌ಟಿ ಬ್ಲಾಕು ಸೈಲೆನ್ಸರು ಹಾಕಿದ್ರ ನಂಬರ್ ಬದಲಾಗಂಗಿಲ್ಲ. ನಂಗ ಮತ್ತ ಜೀವ ಬಂತು. ಮುಂಗಡ ಅಂತೂ ಹೋಗೇತಿ, ಬ್ಲಾಕ್ ಅಷ್ಟ ಕೊಡ್ರಿ ಅಂತ ಗುಜರಿಯವ್ರಿಗೆ ಕೇಳಿಕೊಂಡೆ, ಒಪ್ಪಿದ್ರು.

ಈಗ ಎರಡು ಜೋಡಿ ಬ್ಲಾಕು ಚಾಚಾನ ಬೆಂಚಿನ ಮ್ಯಾಲೆ. ಎಲ್‌ಟಿದು ಬಿಚ್ಚೋಕನ ಒಂದು ವಾರ ಹಿಡೀತು, ಪ್ಲಗ್ ತೂತಿನ್ಯಾಗ ದಿನಾ ಮುಂಜಾನೆ ಡೀಸಲ್ ಹಾಕೋದು, ಸಂಜಿಕೆ ಬಂದು ಅಲ್ಲಾಡಿಸಿ ನೋಡೋದು. ಹೊಡದು ಬಡದು ಬಿಚ್ಚಬ್ಯಾಡ್ರಿ, ಪಿಸ್ಟನ್ ಹೋದ್ರ ಹೋಗ್ಲಿ, ಬ್ಲಾಕ್ ಸೀಳಿದ್ರ ಮುಗೀತು. ಆರನೇ ದಿನ ಕಿಕ್ ಒಂದ ಬೆರಳಷ್ಟು ಇಳೀತು. ಆ ಸಂಜಿ ನಂಗಾದ ಖುಷಿ ಹೇಳೋಕ ಬರಂಗಿಲ್ಲ.

ಆರ್‌ಡಿ ಬೋರ್, ಅಂದ್ರ ಪಿಸ್ಟನ್ ಆಡೋ ತೂತಿನ ಅಗಲ, ಕಂಪನಿಯಿಂದ ಬರೋವಾಗ 64 ಎಂಎಂ. ಸವೆದಂಗ ಕಾಲು ಕಾಲು ಎಂಎಂ ಕೊರೆದು ದೊಡ್ಡ ಪಿಸ್ಟನ್ ಹಾಕ್ತಾ ಹೋಗ್ತಾರ, 64.25, 64.50, 64.75, ಕಡೇಕ 65. ಅಲ್ಲಿಗೆ ಮುಗೀತು. ಚಾಚಾ ಬೋರ್ ಗೇಜ್ ಇಳಿಸಿದ್ರು. ಎಚ್‌ಟಿ ಬ್ಲಾಕು ಎರಡೂ ಆಗಲೇ 65, ಮ್ಯಾಲೆ ಎಡಗಡೆದರಾಗ ಉಗುರು ಸಿಗೋವಂಥಾ ಗೀರು. ಅಂದ್ರ ಅದರಾಗ ಕೊರೆಯೋಕ ಏನೂ ಉಳದಿಲ್ಲ, ಹೊಸಾ ಲೈನರ್ (ಬ್ಲಾಕಿನ ಒಳಗಿನ ಕೊಳವಿ) ಹಾಕಬೇಕು, ಟೂ ಸ್ಟ್ರೋಕ್ ಲೈನರ್ ಅಂದ್ರ ಎಲ್ಲಾ ಪೋರ್ಟು ತೂತಿಗೆ ತೂತು ಕೂಡಬೇಕು, ಚೂರು ಸರದ್ರ ಅದು ಎಚ್‌ಟಿನೂ ಅಲ್ಲ ಎಲ್‌ಟಿನೂ ಅಲ್ಲ. ಎಲ್‌ಟಿ ಬ್ಲಾಕು 64.25. ತುಕ್ಕಿನ ಕಲಿ ಇತ್ತು, 64.50ಕ್ಕ ಹೋಗತೈತಿ ಅಂದ್ರು. ಅಂದ್ರ ಮುಂದ ಇನ್ನೂ ಎರಡು ಸಲ ಬೋರ್ ಆಗೋವಷ್ಟು ಆಯುಷ್ಯ. ಗೇಜಿನ ಮುಳ್ಳು ನೋಡಕೋತ ನಾನು ನಿಂತೆ, ಚಾಚಾ ನನ್ನ ಮುಖ ನೋಡಕೋತ ನಿಂತ್ರು. "ಎಲ್‌ಟಿನೇ ಹಾಕ್ರಿ ಚಾಚಾ" ಅಂದೆ.

ಎಲ್‌ಟಿ ಬ್ಲಾಕನ್ನ ಫೈಲ್ ಹಾಕಿ ಪೋರ್ಟ್ ಎತ್ತರಿಸಿ ಎಚ್‌ಟಿ ಮಾಡಿಕೊಡ್ತೀವಿ ಅನ್ನೋರು ಅದಾರ, ನಂಗೂ ಒಬ್ಬರು 12,000 ಹೇಳಿದ್ರು. ಮಾಡಿಸಬ್ಯಾಡ್ರಿ ಅನ್ನೋದು ನನ್ನ ಅಭಿಪ್ರಾಯ. ತಗದ ಲೋಹ ತಿರುಗಿ ಬರಂಗಿಲ್ಲ, ಕಂಪನಿ ಬ್ಲಾಕ್ ವರ್ಷ ವರ್ಷ ಕಡಿಮಿ ಆಗಾಕತ್ತಾವ.

ಬ್ಲಾಕಿಗಿಂತ ಮುಖ್ಯ ಕ್ರ್ಯಾಂಕು, ಅಂದ್ರ ಪಿಸ್ಟನ್ ಮ್ಯಾಲೆ ಕೆಳಗ ಆಡಿದಂಗ ಗರಗರ ತಿರಗೋ ದಂಡ. ಈ ಎಂಜಿನ್ನಿನ ಕ್ರ್ಯಾಂಕು ತುಂಡು ತುಂಡು ಪ್ರೆಸ್ ಮಾಡಿ ಕೂಡಿಸಿದ್ದು, ಎರಡು ಸಿಲಿಂಡರಿನ ನಡುವ ಒಂದು ಸೀಲ್, ಎರಡೂ ತುದಿಗೆ ಆಯಿಲ್ ಸೀಲ್. ವರ್ಷಗಟ್ಟಲೆ ನಿಂತ ಗಾಡಿಯಾಗ ಸೀಲ್ ಒಣಗಿ ಹಪ್ಪಳ ಆಗಿರ್ತಾವ. ಬಲಗಡೆ ಕ್ಲಚ್ ಕಡೆ ಸೀಲ್ ಹೋದ್ರ ಗೇರ್ ಆಯಿಲ್ ಒಳಗ ಎಳಕೊಂಡು ಬಿಳೇ ಹೊಗಿ ಬಿಡತೈತಿ, ಅದು ಕಣ್ಣಿಗೆ ಕಾಣತೈತಿ. ಎಡಗಡೆ ಹೋದ್ರ ಬರೇ ಗಾಳಿ ಎಳಕೋತೈತಿ, ಏನೂ ಕಾಣಂಗಿಲ್ಲ, ಗಾಡಿ ಛಲೋ ಓಡಾಕತ್ತೈತಿ ಅನಿಸ್ತದ, ಒಂದಿನ ಹೈವೇದಾಗ ಪಿಸ್ಟನ್ ಹಿಡದು ಹಿಂದಿನ ಗಾಲಿ ಜಾಮ್ ಆಗತೈತಿ. ಅದಕ್ಕ ನಿಂತ ಗಾಡಿ ತಗೊಂಡ್ರ "ಚಾಲೂ ಆತಲ್ಲಾ" ಅಂತ ಓಡಿಸಾಕ ಹೋಗಬ್ಯಾಡ್ರಿ, ಕ್ರ್ಯಾಂಕ್‌ಕೇಸ್ ಬಿಚ್ಚಿಸಿ ಸೀಲ್ ಬದಲಿ ಮಾಡಿಸೇ ಓಡಿಸ್ರಿ.

ಪಿಸ್ಟನ್ನಿಗೂ ಕ್ರ್ಯಾಂಕಿಗೂ ಕೂಡಿಸೋ ಕನೆಕ್ಟಿಂಗ್ ರಾಡ್ ಹಿಡದು ಮ್ಯಾಲೆ ಕೆಳಗ ಎಳದ್ರ ಆಟ ಇರಬಾರದು, ಬಾಜೂಕ ಸ್ವಲ್ಪ ವಾಲಿದ್ರ ನಡೀತೈತಿ. ನನ್ನದರಾಗ ಬಲಗಡೆದು ಟಕ್ ಟಕ್ ಅಂತಿತ್ತು. ಗೋಕುಲ್ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಲೇತಿಗೆ ಒಯ್ದು ಎರಡೂ ರಾಡು, ಪಿನ್ನು, ಬೇರಿಂಗ್ ಹೊಸಾವು ಹಾಕಿಸಿದ್ವಿ. ಕೂಡಿಸಿದ ಮ್ಯಾಲೆ ಎರಡು ವಿ ಬ್ಲಾಕಿನ ಮ್ಯಾಲೆ ಇಟ್ಟು ಡಯಲ್ ಗೇಜ್ ಹಚ್ಚಿ ಕೈಲೆ ತಿರುವಿದ್ರು. ಮುಳ್ಳು ಮದ್ಲ ಹನ್ನೊಂದು ಗೀರು ಆಡ್ತು, ಒಂದು ಗೀರಂದ್ರ ಎಂಎಂನ ನೂರನೇ ಒಂದು ಪಾಲು. ಆ ಹುಡುಗ ತಾಮ್ರದ ಸುತ್ತಿಗಿಲೆ ಒಂದ ಏಟು ಹಾಕಿ ತಿರುವಿದ, ಎಂಟು. ಮತ್ತೊಂದು, ಐದು. ಎರಡು ತಾಸು ಮಾಡಿ ಮೂರಕ್ಕ ತಂದು ನಿಲ್ಲಿಸಿದ. ಊಟದ ಹೊತ್ತಾಗಿತ್ತು, ಎದ್ದು ಹೋಗಲಿಲ್ಲ ಆ ಹುಡುಗ. ಅಂಥ ಕೈ ನಮ್ಮ ಹುಬ್ಬಳ್ಳಿಯಾಗ ಅದಾವ ಅನ್ನೋದು ನಂಗ ಹೆಮ್ಮಿ.

ಇನ್ನ ಕಾಗದದ ಕಥಿ. ಇದು ಎಂಜಿನ್ನಿಗಿಂತ ಹೆಚ್ಚು ದಿನ ತಿಂತು. ಗಾಡಿ ನೋಂದಣಿ ಆಗಿದ್ದು 1987ರಾಗ, ಆಗ ಹಾವೇರಿ ಜಿಲ್ಲಾ ಇದ್ದಿಲ್ಲ, 1997ರಾಗ ಗದಗ ಹಾವೇರಿ ಬ್ಯಾರೆ ಆದ್ವು. ಹಂಗಾಗಿ ಮಾಲಕ್ರು ಆ ಕಡೆಯವರಾದ್ರೂ ಮೂಲ ದಾಖಲೆ ಹಳೇ ಅಖಂಡ ಧಾರವಾಡ ಜಿಲ್ಲಾದ ರಿಜಿಸ್ಟರಿನ್ಯಾಗ. ಸರಕಾರದ ಗಾಡಿ ದಾಖಲೆ ಇರೋ ವಾಹನ್ ಕಂಪ್ಯೂಟರಿನ್ಯಾಗ ನಂಬರ್ ಹಾಕಿದ್ರ ಏನೂ ಬರಲಿಲ್ಲ. ಮದ್ಲ ಬ್ಯಾಕ್‌ಲಾಗ್ ಎಂಟ್ರಿ ಆಗಬೇಕು, ಅಂದ್ರ ಹಳೇ ರಿಜಿಸ್ಟರ್ ಹುಡುಕಿ ತಗದು ಕಂಪ್ಯೂಟರಿಗೆ ಏರಿಸಬೇಕು. ಅದಕ್ಕ ಅರ್ಜಿ, ಮೂಲ ಆರ್‌ಸಿ ಪುಸ್ತಕ, ಛಾಪು ಕೊಟ್ಟು ಮೂರು ವಾರ ಕಾಯ್ದ್ವಿ. ಗಾಡಿ ನೋಡಾಕ ಹೋಗೋ ಮದ್ಲ ಎಂ ಪರಿವಾಹನ್ ಆ್ಯಪಿನ್ಯಾಗ ನಂಬರ್ ಹಾಕಿ ನೋಡ್ರಿ, ಬರಲಿಲ್ಲಂದ್ರ ಇಷ್ಟು ದಿನ ಹಿಡದೇ ಹಿಡೀತಾವ ಅಂತ ಲೆಕ್ಕ ಇಟ್ಕೊಳ್ರಿ.

ಆಮ್ಯಾಲೆ ವಾರಸುದಾರರ ಹೆಸರಿಗೆ ಮಾಡೋದು, ಅದಕ್ಕ ಫಾರ್ಮ್ 31, ಮರಣ ಪ್ರಮಾಣ ಪತ್ರ, ವಂಶಾವಳಿ, ಬಾಕಿ ಅಣ್ತಮ್ಮಂದಿರು ಅಕ್ಕತಂಗೇರ ಒಪ್ಪಿಗೆ ಪತ್ರ. ಅವರ ಅಕ್ಕಾರು ಒಬ್ಬರು ಸೋಲಾಪುರದಾಗ ಇದ್ರು, ಸಹಿ ಬರೋಕ ಹದಿನೈದು ದಿನ. ನನ್ನ ಕೇಸಿನ್ಯಾಗ ನೋಂದಣಿ ಅವಧಿನೂ ಮುಗದಿತ್ತು, ನವೀಕರಣ ಆಗೋ ತನಕ ನನ್ನ ಹೆಸರಿಗೆ ಮಾಡಂಗಿಲ್ಲ ಅಂದ್ರು, ನವೀಕರಣಕ್ಕ ಫಾರ್ಮ್ 25 ಜೋಡಿ ಗಾಡಿ ಓಡಿಸ್ಕೊಂಡು ಹೋಗಿ ಇನ್ಸ್‌ಪೆಕ್ಟರಿಗೆ ತೋರಿಸಬೇಕು. ತಿಳೀತಲ್ಲಾ? ಗಾಡಿ ಇನ್ನೂ ಬ್ಯಾರೆಯವ್ರ ಹೆಸರಿನ್ಯಾಗ ಇದ್ದಾಗನ ಎಂಜಿನ್ನಿಗೆ ಪೂರಾ ರೊಕ್ಕ ಸುರೀಬೇಕು. ರಾತ್ರಿ ನಿದ್ದಿ ಬರ್ತಿದ್ದಿಲ್ಲ ನಂಗ. ಅದಕ್ಕ ಅರ್ಧ ರೊಕ್ಕ ಮದ್ಲ, ಅರ್ಧ ಹೆಸರು ಬದಲಿ ಅರ್ಜಿ ಕೊಟ್ಟ ದಿನ ಅಂತ ಬಾಂಡ್ ಮ್ಯಾಲೆ ಬರೆಸಿಕೊಂಡಿದ್ದೆ, ಫಾರ್ಮ್ 29, 30ಕ್ಕ ಸಹಿನೂ ಅವರು ಎದುರಿಗೇ ಮಾಡಿಕೊಟ್ಟಿದ್ರು. ಆ ಮಗಾ ಮಾತಿಗೆ ನಿಂತ್ರು, ಮೂರು ಸಲ ರಾಣೇಬೆನ್ನೂರಿಂದ ಬಸ್ಸಿಗೆ ಬಂದು ಹೋದ್ರು.

ಇದರ ನಡುವ ಆಗಸ್ಟ್ 2025ರಾಗ ಇಪ್ಪತ್ತು ವರ್ಷ ದಾಟಿದ ಬೈಕಿನ ನವೀಕರಣದ ಫೀ 1000ದಿಂದ 2000 ಆತು. ಅದರ ಮ್ಯಾಲೆ ಗ್ರೀನ್ ಟ್ಯಾಕ್ಸು, ತಡಾ ಆದದ್ದಕ್ಕ ದಂಡ. ಅವಧಿ ಮುಗದು ಎಷ್ಟು ವರ್ಷ ಆಗೈತಿ ನೋಡಿ ದಂಡ ಎಷ್ಟು ಅಂತ ಕೌಂಟರಿನ್ಯಾಗ ಮದ್ಲ ಕೇಳಿ, ಅದನ್ನ ಗಾಡಿ ರೇಟಿನ್ಯಾಗ ಕಡಿಸ್ಕೊಳ್ರಿ, ನಾನು ಆಮ್ಯಾಲೆ ಕೇಳಿದೆ. ನವೀಕರಣ ಐದು ವರ್ಷಕ್ಕ ಸಿಗತೈತಿ. ಹದಿನೈದು ವರ್ಷ ದಾಟಿದ ಗಾಡಿ ಬಂದ್ ಅಂತ ಹೆದರಿಸೋರು ಹೇಳೋದು ದಿಲ್ಲಿ ಕಡೆಯ ನಿಯಮ. ವಿಂಟೇಜ್ ನೋಂದಣಿ ಮಾಡಿಸು ಅಂತ ಇಬ್ಬರು ಹೇಳಿದ್ರು, ಅದು 50 ವರ್ಷ ತುಂಬಿದ ಗಾಡಿಗೆ, 2021ರ ನಿಯಮ. ಮದ್ಲನೇ ರಾಜದೂತ್ 350ಗೂ 2033 ತನಕ ಅದು ಬರಂಗಿಲ್ಲ.

ಹೊಗಿ ಟೆಸ್ಟಿಗೆ ನಂಗ ಭಾಳ ಅಂಜಿಕಿ ಇತ್ತು, ಟೂ ಸ್ಟ್ರೋಕ್ ಅಲ್ಲಾ. 31 ಮಾರ್ಚ್ 2000ದ ಒಳಗಿನ ಬೈಕಿಗೆ ಮಿತಿ ಬ್ಯಾರೆ ಐತಿ, ಕಾರ್ಬನ್ ಮೊನಾಕ್ಸೈಡ್ 4.5 ಪರ್ಸೆಂಟ್, ಹೈಡ್ರೋಕಾರ್ಬನ್ 9000 ಪಿಪಿಎಂ. ಟೆಸ್ಟಿನವ್ರು ಕಂಪ್ಯೂಟರಿನ್ಯಾಗ ತಯಾರಾದ ವರ್ಷ ಸರಿ ಹಾಕ್ಯಾರೇನು ನೋಡಕೊಳ್ರಿ. ಗಾಡಿ ಹತ್ತು ಕಿಲೋಮೀಟರ್ ಓಡಿಸಿ ಬಿಸಿ ಮಾಡ್ಕೊಂಡು ಹೋಗ್ರಿ. ನಂದು ಮದ್ಲನೇ ಸಲಕ್ಕ ಪಾಸ್ ಆತು.

ಖರ್ಚು ಕೇಳ್ತೀರಿ ಅಂತ ಗೊತ್ತು. ಗಾಡಿ 1,85,000. ಕ್ರ್ಯಾಂಕಿನ ಕೆಲಸ ಸಾಮಾನು ಸೇರಿ 26,000. ಪಿಸ್ಟನ್ ಎರಡು, ಬೋರಿಂಗ್ 14,500. ಸೀಲು, ಗ್ಯಾಸ್ಕೆಟ್, ಕ್ಲಚ್ ಪ್ಲೇಟ್ 11,000. ಕಾರ್ಬರೇಟರ್ ಕಿಟ್ಟು, ಎರಡು ಪಾಯಿಂಟ್ ಸೆಟ್ಟು (ಪ್ಲಗ್ಗಿಗೆ ಕಿಡಿ ಕೊಡಿಸೋ ಸ್ವಿಚ್ಚು) 6,000. ಟೈರು, ಬ್ರೇಕು, ವೈರಿಂಗ್ 21,000. ಚಾಚಾನ ಕೂಲಿ 20,000, ಅವರು ಕೇಳಿದ್ದು ಹದಿನೈದು. ಕಾಗದ, ಇನ್ಶೂರೆನ್ಸ್, ಓಡಾಟ ಎಲ್ಲಾ 17,000 ಹತ್ರ. ಗುಜರಿಯ 15,000 ಬ್ಲಾಕ್ ರೂಪದಾಗ ಮನಿ ಅಟ್ಟದ ಮ್ಯಾಲೆ ಐತಿ.

ಸೆಪ್ಟೆಂಬರದಾಗ ಒಂದು ಸಂಜಿ ಮದ್ಲನೇ ಸಲ ಕಿಕ್ ಹೊಡದ್ವಿ. ಒಂಬತ್ತು ಕಿಕ್ ಏನೂ ಇಲ್ಲ. ಹತ್ತನೇದಕ್ಕ ಬಲಗಡೆ ಒಂದ ಸಿಲಿಂಡರ್ ಎದ್ದಿತು, ಎಡಗಡೆದು ಸುಮ್ನ. ಚಾಚಾ ಎಡಗಡೆ ಪಾಯಿಂಟಿನ್ಯಾಗ ಒಂದು ಹಾಳಿ ತೂರಿಸಿ ಎಳದ್ರು, ಹಾಳಿ ಕರ್ರಗ ಬಂತು. ಮತ್ತ ಕಿಕ್ಕು, ಎರಡೂ ಎದ್ವು. ಕಾಕಾ ಬಂದಿದ್ರು, 74 ವರ್ಷ ಈಗ ಅವರಿಗೆ. ಹಿಂದ ಹೋಗಿ ಎರಡೂ ಸೈಲೆನ್ಸರ್ ಮುಂದ ಒಂದೊಂದ ಅಂಗೈ ಹಿಡದು ನಿಂತ್ರು. ಆಮ್ಯಾಲೆ "ತಮ್ಮಾ, ಎಡಗಡೆ ಗಾಳಿ ಸ್ವಲ್ಪ ಕಮ್ಮಿ ಬರಾಕತ್ತೈತಿ ನೋಡು" ಅಂದ್ರು. ಚಾಚಾ ಕಾರ್ಬರೇಟರಿನ ಕೇಬಲ್ ಅರ್ಧ ಸುತ್ತು ತಿರುವಿದ್ರು. ಎಲ್‌ಟಿ ಅಂತ ನಾ ಹೇಳಿದ್ದಿಲ್ಲ, ಅವರೂ ಕೇಳಲಿಲ್ಲ.

ಈಗ 640 ಕಿಲೋಮೀಟರ್ ಆಗೈತಿ. 1000 ತನಕ ಜಗ್ಗಂಗಿಲ್ಲ, 4000 ಆರ್‌ಪಿಎಂ ದಾಟಂಗಿಲ್ಲ. ಎಂಜಿನ್ನಿಗೆ ತಾನ ಆಯಿಲ್ ಕೊಡೋ ಆಟೋಲ್ಯೂಬ್ ಪಂಪ್ ಹಿಂದ ಯಾರೋ ಬಂದ್ ಮಾಡಿದ್ರು, ತೆರಸೀವಿ, ಆದ್ರೂ ನಂಬಿಗಿ ಬರೋ ತನಕ ಟ್ಯಾಂಕಿನ್ಯಾಗೂ ಲೀಟರಿಗೆ 20 ಮಿಲಿ ಟೂಟಿ ಆಯಿಲ್ ಹಾಕಾಕತ್ತೀನಿ. ಈಗಿನ ಪೆಟ್ರೋಲಿನ್ಯಾಗ ಇಪ್ಪತ್ತು ಪರ್ಸೆಂಟ್ ಎಥೆನಾಲ್ ಇರ್ತೈತಿ, ಹಳೇ ರಬ್ಬರಿಗೆ ಅದು ಆಗಂಗಿಲ್ಲ, ಪೈಪು ಕಾರ್ಬರೇಟರಿನ ವಾಯ್ಸರು ಹೊಸಾವು ಹಾಕಿಸ್ರಿ, ವಾರಗಟ್ಟಲೆ ನಿಲ್ಲಿಸೋದಿದ್ರ ಕಾಕ್ ಬಂದ್ ಮಾಡಿ ಕಾರ್ಬರೇಟರ್ ಖಾಲಿ ಮಾಡಿ ಇಡ್ರಿ. ರಾಣೇಬೆನ್ನೂರಿನ ಆ ಮಗನಿಗೆ ಸಂಕ್ರಾಂತಿಗೆ ಗಾಡಿ ತಗೊಂಡು ಬರ್ತೀನಿ ಅಂತ ಹೇಳೀನಿ. ಅಷ್ಟರಾಗ 1000 ಮುಗೀತೈತಿ.